ಮುಟ್ಟಿದ ಆನೆ

ನನಗೊಂದು ಕೆಟ್ಟ ಅಭ್ಯಾಸವಿದೆ. ತರಕಾರಿ ಅಂಗಡಿಯಲ್ಲಿ ಒಂದು ಬದನೆಕಾಯಿಯನ್ನು ಕೈಗೆತ್ತಿಕೊಂಡರೆ ಮತ್ತೆ ಗುಡ್ಡೆಗೆ ಹಾಕಲಾರೆ. ಹುಳ ಕೊರೆದ ತೂತು ಕಣ್ಣಿಗೆ ಬಿದ್ದರೂ ಅಷ್ಟೆ, ಮುಟ್ಟಿದ ಮೇಲೆ ಅದು ನನ್ನದು. ಹಾಗಾಗಿ ಮುಟ್ಟುವುದಕ್ಕೆ ಮುಂಚೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಬಾಗಿ, ಬಗ್ಗಿ, ಗುಡ್ಡೆಯನ್ನು ನಾಲ್ಕು ಕಡೆಯಿಂದ ನೋಡುತ್ತೇನೆ. ತರಕಾರಿಯವನು ನನ್ನನ್ನು ಇನ್ಸ್‌ಪೆಕ್ಟರೋ ಏನೋ ಅಂದುಕೊಳ್ಳುತ್ತಾನೆ. ನನ್ನ ಹೆಂಡತಿಯಂತೂ, "ನನ್ನ ನೋಡೋಕೆ ಬಂದಾಗ್ಲೂ ನೀವು ಇಷ್ಟು ಹೊತ್ತು ನೋಡಿರ್ಲಿಲ್ಲ" ಎಂದು ಚೀಲ ನನ್ನ ಕೈಗೆ ಕೊಟ್ಟು ಮುಂದಿನ ಅಂಗಡಿಗೆ ಹೋಗಿಬಿಡುತ್ತಾಳೆ.

ಚದುರಂಗ ಆಡುವವರಿಗೆ ಈ ರೋಗದ ಮೂಲ ಆಗಲೇ ತಿಳಿದಿರುತ್ತದೆ. ಆ ಆಟದಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮನೆಯ ಜಗಲಿಯ ಮೇಲೆ ಆಡುವಾಗ ಈ ಕಟ್ಟುನಿಟ್ಟು ಯಾರೂ ಇಟ್ಟುಕೊಳ್ಳುವುದಿಲ್ಲ. ಪಂದ್ಯದಲ್ಲಿ ಮಾತ್ರ ಇದೆ. ನಾನು ಜೀವನದಲ್ಲಿ ಆಡಿದ್ದು ಒಂದೇ ಒಂದು ಪಂದ್ಯ, ಅದನ್ನು ಗೆದ್ದೆ. ಗೆದ್ದ ಮೇಲೆ ಏನಾಯಿತು ಎನ್ನುವುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೆಂಡತಿಗೆ ಅರ್ಧ ಗೊತ್ತು.

ಐವತ್ತರ ದಶಕದಲ್ಲಿ ನಾವು ಚಾಮರಾಜಪೇಟೆಯ ವಠಾರ ಬಿಟ್ಟು ಜಯನಗರಕ್ಕೆ ಬಂದಾಗ ನೆಂಟರೆಲ್ಲ ಕಾಶಿಗೆ ಹೊರಟವರನ್ನು ಬೀಳ್ಕೊಡುವ ಹಾಗೆ ಬೀಳ್ಕೊಟ್ಟಿದ್ದರು. ಬಸವನಗುಡಿಯಲ್ಲಿದ್ದ ನನ್ನ ದೊಡ್ಡಮ್ಮ, "ಅಲ್ಲಿ ಹಾಲು ಸಿಗತ್ತೇನೇ?" ಎಂದು ಅಮ್ಮನನ್ನು ಕೇಳಿದ್ದಳು. ಹಾಲು ಸಿಗುತ್ತಿತ್ತು, ಮನುಷ್ಯರು ಸಿಗುತ್ತಿರಲಿಲ್ಲ. ಅಗಲವಾದ ರಸ್ತೆಗಳು, ಅವುಗಳ ಮೂಲೆಯಲ್ಲಿ ನಂಬರು ಬರೆದ ಕಲ್ಲುಗಳು, ನಡುನಡುವೆ ಒಂದೊಂದು ಮನೆ. ಖಾಲಿ ಸೈಟುಗಳಲ್ಲಿ ಉತ್ರಾಣಿ ಕಡ್ಡಿ ಎದೆಯುದ್ದ ಬೆಳೆದು ಪಂಚೆಗೆಲ್ಲ ಅಂಟಿಕೊಳ್ಳುತ್ತಿತ್ತು. ಮೇನ್ ರೋಡುಗಳು ಉದ್ದಕ್ಕೆ, ಕ್ರಾಸುಗಳು ಅಡ್ಡಕ್ಕೆ. ಓರೆ ದಾರಿ ಅಂತ ಇದ್ದರೆ ಅದು ಸುದ್ದಗುಂಟೆಪಾಳ್ಯದ ಕಡೆಯಿಂದ ಬರುವ ಹಸುಗಳು ಸೈಟುಗಳ ನಡುವೆ ತುಳಿದು ಮಾಡಿದ್ದು. ಅಪ್ಪ ಮಾತ್ರ ದಿನಾ ಸಂಜೆ ಗೇಟಿನ ಹತ್ತಿರ ನಿಂತು, "ಗಾಳಿ ನೋಡು, ಗಾಳಿ!" ಎನ್ನುತ್ತಿದ್ದರು. ಗಾಳಿಗೇನೂ ಕಮ್ಮಿ ಇರಲಿಲ್ಲ. ಒಣಗಲು ಹಾಕಿದ ಪಂಚೆ ಎರಡು ಸೈಟು ಆಚೆ ಸಿಗುತ್ತಿತ್ತು.

ನಾನು ಕಾಲೇಜಿನ ಮೊದಲ ವರ್ಷದ ಗಣಿತದಲ್ಲಿ ಗೋತಾ ಹೊಡೆದ ವರ್ಷ ನಮ್ಮ ಗೋಡೆ ಗಡಿಯಾರವೂ ನಿಂತಿತು. ಅಪ್ಪ ಎರಡನ್ನೂ ಒಟ್ಟಿಗೆ ನೋಡಿ, "ಅದನ್ನಾದ್ರೂ ರಿಪೇರಿ ಮಾಡಿಸ್ಕೊಂಡು ಬಾ" ಎಂದರು. ಬಸ್ ಸ್ಟಾಪಿನ ಹತ್ತಿರ ಒಂದು ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರದ ಅಂಗಡಿ ಇತ್ತು. ಅಂಗಡಿಯವರ ಹೆಸರು ಶಾಮಣ್ಣ. ಐವತ್ತು ದಾಟಿದ ವಯಸ್ಸು, ಬಿಳಿ ಶರಟು, ತಲೆಯ ಮೇಲೆ ಕಪ್ಪು ಟೋಪಿ. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಮಗಳು ಗೌರಿಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದರು. ನಾನು ಹೋದಾಗ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಚದುರಂಗದ ಹಾಸು ಹರಡಿತ್ತು, ಎದುರಿಗೆ ಯಾರೂ ಇರಲಿಲ್ಲ.

"ಯಾರ ಜೊತೆ ಆಡ್ತಿದೀರಿ?" ಎಂದೆ.

"ನನ್ ಜೊತೆನೇ. ಇವತ್ತು ಸೋಲೋ ಹಾಗಿದೀನಿ" ಎಂದರು, ತಲೆ ಎತ್ತದೆ. ಆಮೇಲೆ ಗಾಜು ತೆಗೆದು ನನ್ನನ್ನು ನೋಡಿದರು. "ಆಡ್ತೀಯೇನಯ್ಯ?"

ಬರುವುದಿಲ್ಲ ಎನ್ನಲು ಸಂಕೋಚವಾಗಿ, ಸ್ವಲ್ಪ ಬರುತ್ತದೆ ಎಂದೆ. ಹತ್ತು ನಿಮಿಷದಲ್ಲಿ ನನ್ನ ಸ್ವಲ್ಪ ಎಷ್ಟು ಎಂಬುದು ಅವರಿಗೆ ತಿಳಿಯಿತು. ನಕ್ಕು, ಎಲ್ಲ ಕಾಯಿಗಳನ್ನೂ ತೆಗೆದು ಪಕ್ಕಕ್ಕಿಟ್ಟು, ಖಾಲಿ ಹಾಸಿನ ಒಂದು ಮೂಲೆಯಲ್ಲಿ ಆನೆಯೊಂದನ್ನೇ ನಿಲ್ಲಿಸಿದರು. ಅದಕ್ಕೆ ಸೊಂಡಿಲು, ದಂತ ಏನೂ ಇರಲಿಲ್ಲ, ಕೋಟೆಯ ಬುರುಜಿನ ಹಾಗೆ ಇತ್ತು. ಆದರೂ ನಮ್ಮ ಕಡೆ ಅದು ಆನೆಯೇ.

"ಎಲ್ರೂ ಕುದುರೆಯಿಂದ ಶುರು ಮಾಡ್ತಾರೆ, ಅದು ಹಾರುತ್ತಲ್ಲ, ಮಜಾ ಅಂತ. ನೀನು ಇದ್ರಿಂದ ಶುರು ಮಾಡು. ನೇರ ಹೋಗುತ್ತೆ, ಅಡ್ಡ ಹೋಗುತ್ತೆ, ಎಷ್ಟು ಮನೆ ಬೇಕಾದ್ರೂ ಹೋಗುತ್ತೆ. ಆದ್ರೆ ಮುಂದೆ ತನ್ನೋನೇ ಒಬ್ಬ ಸಿಪಾಯಿ ನಿಂತಿದ್ರೂ ಒಂದು ಹೆಜ್ಜೆ ಇಡೋಕಾಗಲ್ಲ. ಆಟ ಶುರುವಾದಾಗ ಇಷ್ಟು ದೊಡ್ಡ ಆನೆ ಮೂಲೇಲಿ ಸುಮ್ನೆ ಕೂತಿರಬೇಕು."

"ಯಾವಾಗ ಹೊರಗೆ ತರೋದು?"

"ಬೀದಿ ಖಾಲಿ ಆದಾಗ."

ಇಷ್ಟು ಹೇಳಲು ಅವರಿಗೆ ಎರಡು ನಿಮಿಷ ಸಾಕಾಯಿತು, ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಕಾಲೇಜು ಮುಗಿಸಿ ಬಂದವನು ನೇರ ಅಂಗಡಿಗೆ ಹೋಗುತ್ತಿದ್ದೆ. ಸಿಪಾಯಿಗಳು ಬಿದ್ದು ಬಯಲಾದ ಸಾಲಿಗೆ ಆನೆಯನ್ನು ತರಬೇಕು, ಎರಡು ಆನೆಗಳ ನಡುವೆ ಯಾರೂ ಇರದ ಹಾಗೆ ಮಾಡಿದರೆ ಒಂದನ್ನೊಂದು ಕಾಯುತ್ತವೆ, ಎದುರಾಳಿಯ ಸಿಪಾಯಿಗಳು ಮೊದಲು ನಿಂತಿದ್ದ ಸಾಲಿಗೆ ಒಂದು ಆನೆ ನುಗ್ಗಿತೆಂದರೆ ಅವನ ಅರ್ಧ ಸೇನೆ ಹೋದ ಹಾಗೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಕೋಟೆ ಕಟ್ಟುವ ನಡೆ. ಆಟದಲ್ಲಿ ಒಂದೇ ಸಲ, ರಾಜ ಎರಡು ಮನೆ ಆನೆಯ ಕಡೆಗೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಆಚೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಒಂದೇ ಸರದಿಯಲ್ಲಿ ಎರಡು ಕಾಯಿ. ಊರ ಕಡೆ ಆಡುವ ಆಟದಲ್ಲಿ ಇದಿಲ್ಲ, ಇದು ಪುಸ್ತಕದ ಆಟ ಎನ್ನುತ್ತಿದ್ದರು ಶಾಮಣ್ಣ.

"ಒಂದು ಜ್ಞಾಪಕ ಇಟ್ಕೊ. ಮೊದ್ಲು ರಾಜನ್ನ ಮುಟ್ಟಬೇಕು. ಆನೆ ಮುಟ್ಟಿದ್ಯೋ, ಕೋಟೆ ಇಲ್ಲ. ಆನೇನೇ ನಡೆಸಬೇಕು."

ಗೌರಿ ಒಳಗಿನಿಂದ ಎರಡು ಲೋಟ ಕಾಫಿ ತಂದಿಡುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. "ಅಪ್ಪ, ಪಾಪ ಒಂದ್ಸಲ ಗೆಲ್ಲೋಕೆ ಬಿಡಿ ಅವ್ರನ್ನ" ಎನ್ನುತ್ತಿದ್ದಳು. ಶಾಮಣ್ಣ ಬಿಟ್ಟವರಲ್ಲ. ನಾಲ್ಕು ವರ್ಷ ನಾನು ಆ ಸ್ಟೂಲಿನ ಮುಂದೆ ಸೋತೆ. ಅಷ್ಟರಲ್ಲಿ ಗೌರಿಗೆ ಚಿಕ್ಕಲಸಂದ್ರದ ಶಾಲೆಯ ಮೇಷ್ಟ್ರೊಬ್ಬರ ಜೊತೆ ಮದುವೆಯಾಯಿತು. ನನಗೆ ಗಣಿತ ಹೇಗೋ ಪಾಸಾಗಿ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಕಾಫಿಯನ್ನು ಶಾಮಣ್ಣನವರೇ ಮಾಡತೊಡಗಿದರು. ಲೋಟ ನನ್ನ ಮುಂದಿಡುವಾಗ ಸ್ವಲ್ಪ ಚೆಲ್ಲುತ್ತಿತ್ತು. ಹೆಣ್ಣಿಲ್ಲದ ಮನೆ, ಕಾಫಿ ಹೀಗೇ ಎಂದುಕೊಂಡೆ. ಸುಮ್ಮನೆ ಕೂತಿರುವಾಗ ಅವರು ಬಲಗೈಯನ್ನು ಎಡಗೈ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದರು. ಚಳಿ ಎಂದುಕೊಂಡೆ. ನನ್ನ ಕಣ್ಣು ಯಾವಾಗಲೂ ಹಾಸಿನ ಮೇಲೆ.

ಆ ವರ್ಷ ಬಡಾವಣೆಯ ಸಂಘದವರು ಒಂದು ಚದುರಂಗದ ಪಂದ್ಯ ಇಟ್ಟರು. ಮನೆಗಳು ತುಂಬುತ್ತ ಬಂದಿದ್ದವು, ಜನರಿಗೆ ಸಂಜೆ ಹೊತ್ತು ಕಳೆಯಬೇಕಿತ್ತು. ಶಾಲೆಯೊಂದರ ಹಜಾರದಲ್ಲಿ ಬೆಂಚು ಜೋಡಿಸಿ ಆಟ. ರಾಮರಾಯರು ಎಂಬ ನಿವೃತ್ತ ಎಂಜಿನಿಯರು ತೀರ್ಪುಗಾರರು. ಅವರ ಹತ್ತಿರ ನಿಯಮಗಳ ಇಂಗ್ಲಿಷ್ ಪುಸ್ತಕವಿತ್ತು, ಅದನ್ನು ಎದೆಗೆ ಅವಚಿಕೊಂಡೇ ಓಡಾಡುತ್ತಿದ್ದರು. ಶಾಮಣ್ಣ ಹೆಸರು ಕೊಡಲು ಒಪ್ಪಿರಲಿಲ್ಲ.

"ಜನದ ಮುಂದೆ ಆಡೋ ಆಟ ಅಲ್ಲ ಕಣಯ್ಯ ಇದು" ಎಂದರು.

ನಾನೇ ಹಠ ಹಿಡಿದು ಅವರ ಹೆಸರು ಬರೆಸಿದೆ. ಅವರನ್ನು ನಾಲ್ಕು ಜನ ನೋಡಲಿ ಎಂದು ಬರೆಸಿದೆ, ನಿಜ. ಅವರನ್ನು ನಾಲ್ಕು ಜನರ ಮುಂದೆ ಸೋಲಿಸಬೇಕು ಎಂಬ ಆಸೆಯೂ ಎಲ್ಲೋ ಇತ್ತು, ಅದೂ ನಿಜ. ಇಬ್ಬರೂ ಗೆಲ್ಲುತ್ತ ಬಂದೆವು. ಕೊನೆಯ ಭಾನುವಾರ ಮಧ್ಯಾಹ್ನ ಎದುರುಬದುರು ಕೂತೆವು.

ಸುತ್ತ ಮೂವತ್ತು ಜನ ನಿಂತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರ ಗಡಿಯಾರಗಳು ಒಂದಲ್ಲ ಒಂದು ಸಲ ಶಾಮಣ್ಣನವರ ಕೈ ದಾಟಿ ಬಂದಿದ್ದವು. ಆಟ ಚೆನ್ನಾಗಿಯೇ ನಡೆಯಿತು. ನಡುಸಾಲು ಬಯಲಾಗಿತ್ತು. ಕಲಿಸಿದ ಹಾಗೆಯೇ ನನ್ನ ಆನೆಯನ್ನು ಆ ಸಾಲಿಗೆ ತಂದಿದ್ದೆ. ಅದು ಆ ತುದಿಯಿಂದ ನೇರ ಅವರ ರಾಜನನ್ನು ನೋಡುತ್ತಿತ್ತು, ಮಧ್ಯೆ ಅಡ್ಡ ನಿಂತದ್ದು ಅವರ ಒಂದು ಒಂಟೆ ಮಾತ್ರ. ಅಲುಗಿದರೆ ರಾಜ ಸಿಕ್ಕಿಬೀಳುತ್ತಿದ್ದ, ಹಾಗಾಗಿ ಆ ಒಂಟೆ ಅಲುಗುವಂತಿರಲಿಲ್ಲ. ಆದರೆ ಸರದಿ ಅವರದ್ದು. ಕೋಟೆ ಕಟ್ಟಿಬಿಟ್ಟರೆ ರಾಜ ಪಕ್ಕಕ್ಕೆ ಸರಿದು ಪಾರಾಗುತ್ತಿದ್ದ, ಆಮೇಲೆ ನಾನು ಎಂದಿನಂತೆ ನಿಧಾನವಾಗಿ ಸೋಲುತ್ತಿದ್ದೆ.

ಶಾಮಣ್ಣ ಕೈ ಎತ್ತಿದರು. ರಾಜನ ಕಡೆಗೆ ಹೋದ ಕೈ ಏನೋ ಯೋಚನೆ ಬಂದು ಗಾಳಿಯಲ್ಲೇ ನಿಂತಿತು. ನಿಂತದ್ದು ಅದುರಲು ಶುರುವಾಯಿತು. ಗಾಳಿಗೆ ಎಲೆ ಅದುರುವ ಹಾಗೆ. ಕಿರುಬೆರಳು ಮೂಲೆಯ ಆನೆಗೆ ತಾಗಿ ಅದು ವಾಲಿತು. ಬೀಳುವ ಮುಂಚೆ ಅವರು ಹಿಡಿದುಕೊಂಡರು.

"ಸಾರ್, ಮುಟ್ಟಿದಾರೆ!" ಎಂದೆ.

ನನ್ನ ದನಿ ಹಜಾರದ ಆ ತುದಿಗೂ ಕೇಳಿತು. ರಾಮರಾಯರು ಪುಸ್ತಕದೊಂದಿಗೆ ಬಂದರು. ಒಳ್ಳೆಯ ಮನುಷ್ಯ. ಬಗ್ಗಿ ಮೆಲ್ಲಗೆ ಕೇಳಿದರು: "ಶಾಮಣ್ಣನೋರೆ, ಬೇಕೂಂತ ಮುಟ್ಟಿದ್ರೋ, ಕೈ ತಾಗ್ತೋ? ತಾಗಿದ್ದಾದ್ರೆ ಲೆಕ್ಕಕ್ಕಿಲ್ಲ. ಹೇಳಿಬಿಡಿ."

ಅವರು ನನ್ನನ್ನು ನೋಡಲಿಲ್ಲ. ತಲೆ ಎತ್ತಿ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಬಲಗೈಯನ್ನು ಬೆಂಚಿನ ಕೆಳಗೆ ಇಳಿಸಿಕೊಂಡರು.

"ಮುಟ್ಟಿದೀನಿ. ಆನೇನೇ ನಡೆಸ್ತೀನಿ."

ಎಡಗೈಯಿಂದ ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರು. ಮುಂದಿನ ಹತ್ತು ನಡೆಯಲ್ಲಿ ಆಟ ಮುಗಿಯಿತು. ಚಪ್ಪಾಳೆ ಬಿತ್ತು. ನನಗೆ ಒಂದು ಮೊಟ್ಟೆ ಹಿಡಿಸುವಷ್ಟೇ ದೊಡ್ಡದಾದ, ಬೆಳ್ಳಿ ಬಣ್ಣದ ಬಹುಮಾನದ ಕಪ್ ಕೊಟ್ಟರು. ಶಾಮಣ್ಣ ಎದ್ದು ನನ್ನ ಭುಜ ತಟ್ಟಿ, "ಬೀದಿ ಖಾಲಿ ಇತ್ತು, ಆನೇನ ಚೆನ್ನಾಗಿ ತಂದೆ" ಎಂದು ಹೇಳಿ ಟೋಪಿ ಸರಿಮಾಡಿಕೊಂಡು ಹೊರಟರು.

ಇಷ್ಟಕ್ಕೇ ನಿಂತಿದ್ದರೆ ನಾನು ನಿಯಮ ಪಾಲಿಸಿದೆ ಎಂದು ಹೇಳಿಕೊಂಡು ಬದುಕಬಹುದಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಸ್ನೇಹಿತರಿಗೆ ಗೆಲುವಿನ ಕಥೆ ಹೇಳುತ್ತಿದ್ದೆ. ಕಥೆ ಹೇಳುವಾಗ ಕೈ ಸುಮ್ಮನಿರುವುದಿಲ್ಲವಲ್ಲ. ಬಲಗೈಯನ್ನು ಟೇಬಲ್ಲಿನ ಮೇಲೆ ಎತ್ತಿ ಹಿಡಿದು ಗಡಗಡ ನಡುಗಿಸಿ ತೋರಿಸಿದೆ. "ನೋಡ್ಬೇಕಿತ್ತು ಮಗಾ, ಹೀಗೆ! ನನ್ನ ಕಂಡು ಹೆದರಿಬಿಟ್ರು!" ಎಲ್ಲರೂ ನಕ್ಕರು. ಪಕ್ಕದ ಟೇಬಲ್ಲಿನಲ್ಲಿದ್ದ ರಂಗಾಚಾರ್ಯರು ಮಾತ್ರ ನಗಲಿಲ್ಲ. ನಮ್ಮ ಮನೆಯ ಹಿಂದಿನ ಕ್ರಾಸಿನವರು, ಬ್ಯಾಂಕಿನಲ್ಲಿದ್ದರು.

"ಹೆದರಿಕೆಗೋ, ಏನಾದ್ರೂ ಕಾಯಿಲೆಗೋ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್. ಕಾಫಿ ಲೋಟ ಇಡುವಾಗ್ಲೂ ಚೆಲ್ತಾರೆ" ಎಂದೆ. ಯಾರೂ ಕೇಳದೆ ಇದ್ದದ್ದನ್ನು ನಾನೇ ಸೇರಿಸಿ ಹೇಳಿದೆ.

ಅವರು ಲೋಟ ಕೆಳಗಿಟ್ಟರು. "ನಮ್ಮ ತಂದೆ ಕಾಲದ ವಾಚು ಅವರ ಹತ್ರ ಕೊಟ್ಟಿದೀನಲ್ಲಪ್ಪ..." ಎನ್ನುತ್ತ ಎದ್ದು, ಪಂಚೆ ಮೇಲೆತ್ತಿ ರಸ್ತೆ ದಾಟಿದರು. ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕೂತಲ್ಲಿಂದಲೇ ನೋಡಿದೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಹಿಡಿದು ಇಳಿದು ಬಂದರು. ಹಿಂದಿನ ದಿನ ಶಾಮಣ್ಣ ಮುಖಗಳನ್ನು ಒಂದೊಂದಾಗಿ ನೋಡಿದ್ದು ಏಕೆ, ತಾಗಿತು ಎಂಬ ಒಂದು ಮಾತು ಹೇಳದೆ ಸೋತದ್ದು ಏಕೆ ಎಂದು ಆಗ ತಿಳಿಯಿತು. ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯುವ ಕೆಲಸ. ಕೈ ನಡುಗುತ್ತದೆ ಎಂದು ಊರಿಗೆ ತಿಳಿದ ಮೇಲೆ ಯಾರು ಗಡಿಯಾರ ಕೊಡುತ್ತಾರೆ?

ಯಾರೂ ಕೊಡಲಿಲ್ಲ. ಆಗಿನ ಜಯನಗರ ಇನ್ನೂ ಹಳ್ಳಿಯಷ್ಟೇ, ಮಾತು ಒಂದು ವಾರದಲ್ಲಿ ಎಲ್ಲ ಕ್ರಾಸುಗಳನ್ನೂ ಸುತ್ತಿ ಬಂತು. ಅಪ್ಪನೇ ಒಂದು ಸಂಜೆ ಊಟಕ್ಕೆ ಕೂತಾಗ, "ಪಾಪ, ಶಾಮಣ್ಣಂಗೆ ಕೈ ನಡುಕವಂತೆ. ಇನ್ಮೇಲೆ ಗಡಿಯಾರ ಕೆಟ್ರೆ ಗಾಂಧಿಬಜಾರಿಗೆ ಹೋಗ್ಬೇಕು" ಎಂದರು. ನಾನು ಸಾರು ಬಡಿಸಿಕೊಂಡೆ.

ನಾನು ಆ ದಾರಿಯಲ್ಲಿ ಓಡಾಡುವುದನ್ನು ಬಿಟ್ಟೆ. ಬಸ್ಸನ್ನು ಒಂದು ಸ್ಟಾಪು ಹಿಂದೆ ಹೋಗಿ ಹತ್ತುತ್ತಿದ್ದೆ, ಆರೋಗ್ಯಕ್ಕೆ ನಡಿಗೆ ಒಳ್ಳೆಯದು ಎಂದು ಅಮ್ಮನಿಗೆ ಹೇಳಿದೆ. ನಾಳೆ ಹೋಗೋಣ, ಈ ಭಾನುವಾರ ಹೋಗೋಣ, ಹಬ್ಬ ಕಳೆದ ಮೇಲೆ ಹೋಗೋಣ. ಹೋಗಿ ಏನು ಹೇಳುವುದು? ಎಂಟು ತಿಂಗಳ ಮೇಲೆ ಬಸ್ಸಿನ ಕಿಟಕಿಯಿಂದ ನೋಡಿದರೆ ಆ ಕೋಣೆಯ ಬಾಗಿಲಲ್ಲಿ ಹೊಲಿಗೆ ಯಂತ್ರ ಇತ್ತು, ಒಬ್ಬ ದರ್ಜಿ ಕೂತಿದ್ದ.

ಮತ್ತೆ ಆರು ತಿಂಗಳು ಕಳೆದಿರಬೇಕು. ಬನಶಂಕರಿ ದೇವಸ್ಥಾನಕ್ಕೆ ಅಮ್ಮನನ್ನು ಕರೆದುಕೊಂಡು ಹೋದಾಗ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದ ಹೆಂಗಸರ ನಡುವೆ ಗೌರಿ ಸಿಕ್ಕಳು. ಕಂಕುಳಲ್ಲಿ ಕೂಸು.

"ಅಪ್ಪ ನಮ್ಮನೇಲೇ ಇದಾರೆ, ಚಿಕ್ಕಲಸಂದ್ರದಲ್ಲಿ. ನಿಮ್ಮನ್ನ ಕೇಳ್ತಾನೇ ಇರ್ತಾರೆ. ಒಂದ್ಸಲ ಬನ್ನಿ" ಎಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡೆ.

ಆ ಭಾನುವಾರ ಸೈಕಲ್ ಹತ್ತಿದೆ. ಎರಡು ಕಡೆ ರಾಗಿ ಹೊಲ, ಮಧ್ಯೆ ಕೆಂಪು ಮಣ್ಣಿನ ದಾರಿ, ಸೈಕಲ್ಲಿನಲ್ಲಿ ಒಂದು ಗಂಟೆಯೂ ಬೇಕಿಲ್ಲದ ದೂರ. ಇಷ್ಟು ಹತ್ತಿರದಲ್ಲಿದ್ದರು. ಮನೆಯ ಪಡಸಾಲೆಯ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಟೋಪಿ ಇರಲಿಲ್ಲ. ಟೋಪಿ ಇಲ್ಲದ ಅವರ ತಲೆಯನ್ನು ನಾನು ನೋಡಿಯೇ ಇರಲಿಲ್ಲ, ತುಂಬ ಸಣ್ಣದಾಗಿ ಕಂಡಿತು. ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ಅದುರುತ್ತಿತ್ತು. ಈಗ ಅದನ್ನು ಮುಚ್ಚಿಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ.

"ಬಾರಯ್ಯ" ಎಂದರು. ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, "ಇದೊಂದು ತಮಾಷೆ. ಸುಮ್ನಿದ್ರೆ ನಡುಗುತ್ತೆ, ಕೆಲ್ಸ ಕೊಟ್ರೆ ನಿಲ್ತಿತ್ತು. ಚಿಮುಟ ಹಿಡಿದ್ರೆ ಕಲ್ಲಿನ ಹಾಗೆ ನಿಲ್ತಿತ್ತು. ಕೊನೇವರ್ಗೂ ಒಂದು ವಾಚೂ ಕೆಡಿಸ್ಲಿಲ್ಲ ನಾನು. ಕೆಲ್ಸ ಹೋದ್ಮೇಲೆ ಇದಕ್ಕೆ ದಿನವೆಲ್ಲ ಇದೇ ಕೆಲ್ಸ" ಎಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. "ಹೋಟ್ಲಲ್ಲಿ ನಿಮ್ಮ ಕೈ ವಿಷಯ ಹೇಳಿದ್ದು ನಾನೇ" ಎಂದುಬಿಟ್ಟೆ.

"ಗೊತ್ತು. ಆಚಾರ್ರು ವಾಚು ವಾಪಸ್ ತಗೊಳ್ಳುವಾಗ್ಲೇ ನಿನ್ನ ಹೆಸರು ಹೇಳಿದ್ರು."

"ಮತ್ತೆ... ನನ್ನ ಕೇಳ್ತಿದ್ರಿ ಅಂತ ಗೌರಿ..."

"ಕೇಳ್ದೆ ಇರ್ತೀನಾ?" ಎಂದರು. "ನೀನು ಹೇಳ್ದೆ ಇದ್ರೂ ಇನ್ನೊಂದು ವರ್ಷಕ್ಕೆ ಗೊತ್ತಾಗ್ತಿತ್ತು ಕಣಯ್ಯ. ಅದಲ್ಲ. ಗಿರಾಕಿಗಳು ಬರೋದು ನಿಂತ್ಮೇಲೆ ಬೆಳಗಿಂದ ಸಂಜೆವರ್ಗೂ ಒಬ್ನೇ ಬಾಗಿಲು ನೋಡ್ತಾ ಕೂತಿರ್ತಿದ್ದೆ. ಹೋಗ್ಲಿ, ಆಡೋಕಾದ್ರೂ ಇವನು ಬರ್ತಾನೆ ಅಂತ. ಎಂಟು ತಿಂಗಳು. ಒಂದಿನ ಬರ್ಲಿಲ್ಲವಲ್ಲೋ ನೀನು."

ಗೌರಿ ಕಾಫಿ ತಂದು ನಮ್ಮ ಮುಂದಿಟ್ಟು, ಒಳಗೆ ಅಳುತ್ತಿದ್ದ ಕೂಸಿನ ಕಡೆ ಓಡಿದಳು. ಶಾಮಣ್ಣ ತಮ್ಮ ಲೋಟವನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ನನಗೆ ಅರ್ಥವಾಗಲು ಈ ಸಲ ಎರಡು ವರ್ಷ ಹಿಡಿಯಲಿಲ್ಲ. ಲೋಟ ಎತ್ತಿ ಅವರ ತುಟಿಗೆ ಹಿಡಿದೆ. ಮೊದಲು ಸಂಕೋಚಪಟ್ಟರು. ಆಮೇಲೆ ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದರು.

ಆಮೇಲೆ ಅವರು ಹದಿನಾಲ್ಕು ತಿಂಗಳು ಬದುಕಿದ್ದರು. ಪ್ರತಿ ಭಾನುವಾರ ಹೋಗುತ್ತಿದ್ದೆ ಎಂದು ಬರೆಯಲು ಆಸೆ, ಆದರೆ ಅದು ಸುಳ್ಳಾಗುತ್ತದೆ. ಮಳೆ ಬಂದರೆ ಹೋಗುತ್ತಿರಲಿಲ್ಲ, ನೆಂಟರು ಬಂದರೆ ಹೋಗುತ್ತಿರಲಿಲ್ಲ, ಒಂದೆರಡು ಸಲ ಸಿನಿಮಾಕ್ಕೂ ಹೋದೆ. ಹೋದ ಭಾನುವಾರಗಳಲ್ಲಿ ಅವರು ಬಾಯಲ್ಲಿ ನಡೆ ಹೇಳುತ್ತಿದ್ದರು, ಎರಡೂ ಕಡೆಯ ಕಾಯಿಗಳನ್ನು ನಾನೇ ನಡೆಸುತ್ತಿದ್ದೆ. ಬರುಬರುತ್ತ ಮಾತು ತೊದಲಿತು, ನಡೆ ಮರೆತು ಅರ್ಧ ಆಟಕ್ಕೇ ತೂಕಡಿಸುತ್ತಿದ್ದರು.

ಕೊನೆಯ ಸಲ ಹೋದದ್ದು ಮೂರು ಭಾನುವಾರ ತಪ್ಪಿಸಿದ ಮೇಲೆ. ಗೌರಿ ಬಾಗಿಲಿಗೇ ಬಂದು, ಬೆರಳು ತುಟಿಗಿಟ್ಟು ಪಿಸುಗುಟ್ಟಿದಳು: "ಬೆಳಿಗ್ಗೆಯಿಂದ ನಿಮ್ಮನ್ನೇ ಕಾಯ್ತಿದ್ರು. ಈಗ್ತಾನೆ ನಿದ್ದೆ ಹತ್ತಿದೆ. ಎಬ್ಬಿಸ್ಲಾ?"

ಬಾಗಿಲ ಸಂದಿಯಿಂದ ನೋಡಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆಯಲ್ಲಿ ಕೈ ನಿಂತಿತ್ತು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಮಣ್ಣಿನ ದಾರಿ ನೆನೆದರೆ ಸೈಕಲ್ ಹೂತುಕೊಳ್ಳುತ್ತದೆ.

"ಬೇಡ, ಮಲಗಿರ್ಲಿ. ಮುಂದಿನ ವಾರ ಬರ್ತೀನಿ" ಎಂದೆ.

ಬುಧವಾರ ಗೌರಿಯ ಯಜಮಾನರು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಅವರು ಬಾಯಿ ತೆರೆಯುವ ಮುಂಚೆಯೇ ನಾನು ಎದ್ದು ನಿಂತಿದ್ದೆ. ಆ ಭಾನುವಾರ ಗೌರಿಗೆ "ಎಬ್ಬಿಸಿ" ಅನ್ನಬಹುದಾಗಿತ್ತು.